ಸಬೋನಿಸ್ ಅಪ್ಪ ನಿಜವಾಗಿಯೂ ಅಷ್ಟು ದೊಡ್ಡ ಆಟಗಾರನಾ? ಅಂಕಿ ನೋಡಿದರೆ ಹಾಗೆ ಕಾಣುವುದಿಲ್ಲ

ಮೂರನೇ_ಕ್ವಾರ್ಟರ್ ಕೇಳಿದ್ದು:

ನಾನು ಎನ್‌ಬಿಎ, ಅಂದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್, ನೋಡಲು ಶುರು ಮಾಡಿದ್ದು ತಡವಾಗಿ. ದೊಮಂತಸ್ ಸಬೋನಿಸ್ ಸ್ಯಾಕ್ರಮೆಂಟೊ ಕಿಂಗ್ಸ್‌ಗೆ ಬಂದ ಮೇಲೆ ಅವನ ಆಟ ಹಿಡಿಸಿತು. 2022-23ರಿಂದ ಸತತ ಮೂರು ಸೀಸನ್ ರೀಬೌಂಡ್‌ನಲ್ಲಿ (ತಪ್ಪಿದ ಎಸೆತದ ಚೆಂಡು ಹಿಡಿಯುವುದು) ಇಡೀ ಲೀಗಿಗೇ ಮೊದಲು. ಮೂರು ಸಲ ಆಲ್-ಸ್ಟಾರ್, ಅಂದರೆ ಆ ವರ್ಷದ ಆಯ್ದ ತಾರೆಯರಲ್ಲಿ ಒಬ್ಬ. ರಿಂಗಿನ ಹತ್ತಿರ ಆಡುವ ಎತ್ತರದ ಸೆಂಟರ್ ಆಗಿದ್ದೂ ಚೆಂಡು ನಡೆಸುವ ಗಾರ್ಡ್ ತರ ಪಾಸ್ ಕೊಡುತ್ತಾನೆ.

ಆದರೆ ಎಲ್ಲಿ ಹೋದರೂ ಯಾರಾದರೂ ಒಬ್ಬರು ಬಂದು "ಇವನ ಅಪ್ಪನನ್ನು ನೋಡಬೇಕಿತ್ತು, ಅವರ ಮುಂದೆ ಇವನು ಏನೂ ಅಲ್ಲ" ಅನ್ನುತ್ತಾರೆ. ಸರಿ ಅಂತ ಅಪ್ಪ ಅರ್ವೀದಸ್ ಸಬೋನಿಸ್ ಲೆಕ್ಕ ತೆಗೆದು ನೋಡಿದೆ. ಏಳು ಸೀಸನ್, 470 ಪಂದ್ಯ, ಸರಾಸರಿ 12 ಅಂಕ, 7.3 ರೀಬೌಂಡ್. ಒಮ್ಮೆಯೂ ಆಲ್-ಸ್ಟಾರ್ ಆಗಿಲ್ಲ. ಆದರೂ ಬ್ಯಾಸ್ಕೆಟ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ!

ಇದು ಹಳಬರು ಸುಮ್ನೆ ಹೇಳುವ "ನಮ್ಮ ಕಾಲದಲ್ಲಿ" ಕಥೆನಾ, ಅಥವಾ ನಾನು ಏನನ್ನಾದರೂ ನೋಡದೇ ಬಿಟ್ಟಿದ್ದೇನಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಕಾಲಂ_ಓದುವವ:

ಸರಾಸರಿ ನೋಡುವಾಗ ಪಕ್ಕದಲ್ಲಿರುವ ನಿಮಿಷದ ಕಾಲಂ ಕೂಡ ನೋಡಿ. 1995-96ರಲ್ಲಿ ಅವರ ಮೊದಲ ಸೀಸನ್. 14.5 ಅಂಕ, 8.1 ರೀಬೌಂಡ್, ಅದೂ ಪಂದ್ಯಕ್ಕೆ 24 ನಿಮಿಷದೊಳಗೆ. ಇದನ್ನು 36 ನಿಮಿಷಕ್ಕೆ ಹಿಗ್ಗಿಸಿದರೆ ಸುಮಾರು 22 ಅಂಕ, 12 ರೀಬೌಂಡ್ ಆಗುತ್ತದೆ. ಆ ಸೀಸನ್ ನಡುವೆ ಅವರಿಗೆ 31 ತುಂಬಿತ್ತು. ವರ್ಷದ ಹೊಸ ಆಟಗಾರ ಪ್ರಶಸ್ತಿಯಲ್ಲಿ ಎರಡನೆಯವರು, ಬೆಂಚಿನಿಂದ ಇಳಿಯುವವರಿಗೆ ಕೊಡುವ ಸಿಕ್ಸ್ತ್ ಮ್ಯಾನ್ ಪ್ರಶಸ್ತಿಯಲ್ಲೂ ಎರಡನೆಯವರು. 1997-98ರಲ್ಲಿ ನಿಮಿಷ ಜಾಸ್ತಿ ಕೊಟ್ಟಾಗ 16 ಅಂಕ, 10 ರೀಬೌಂಡ್, 3 ಅಸಿಸ್ಟ್ (ಅಂಕವಾದ ಪಾಸ್).

ಲೆಕ್ಕ ಇಷ್ಟು ಹೇಳುತ್ತದೆ. ಉಳಿದದ್ದನ್ನು ಕಥೆ ಗೊತ್ತಿರುವವರು ಹೇಳಲಿ.

ನೆಮುನಸ್_ದಂಡೆ:

ನಾನು ಹೇಳುತ್ತೇನೆ. ಉದ್ದ ಆಗುತ್ತದೆ, ಟೀ ಇಟ್ಟುಕೊಂಡು ಓದಿ.

ನನ್ನ ಊರು ದಾವಣಗೆರೆ. ಕೆಲಸದ ಮೇಲೆ ಲಿಥುವೇನಿಯಾದ ಕೌನಸ್‌ಗೆ ಬಂದವನು ಇಲ್ಲೇ ಉಳಿದುಬಿಟ್ಟೆ. ಇದು ಸಬೋನಿಸ್ ಹುಟ್ಟಿದ ಊರು. ಇಲ್ಲಿಯವರು ಬ್ಯಾಸ್ಕೆಟ್‌ಬಾಲನ್ನು ಎರಡನೇ ಧರ್ಮ ಅನ್ನುತ್ತಾರೆ. ತಮಾಷೆಗಲ್ಲ. ನವೆಂಬರ್ ಬಂದರೆ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಆಮೇಲೆ ಮಾಡುವುದೇನು? ಒಂದೋ ಆಟ ಆಡಬೇಕು, ಇಲ್ಲವೇ ಬೆಳ್ಳುಳ್ಳಿ ಸವರಿ ಕರಿದ ಕಪ್ಪು ಬ್ರೆಡ್ ತಿನ್ನುತ್ತಾ ಆಟ ನೋಡಬೇಕು.

ನಿಮ್ಮ ಪ್ರಶ್ನೆಯನ್ನೇ ನಾನು ಒಂದು ಸಲ ನಮ್ಮ ಮನೆ ಮಾಲೀಕರಿಗೆ ಕೇಳಿದೆ. ಕಾರ್ಖಾನೆಯಿಂದ ನಿವೃತ್ತರಾದವರು, ಎಂಬತ್ತರ ದಶಕದಲ್ಲಿ ಹರೆಯದ ಹುಡುಗ. "ಕಾಲು ಕೆಡದೇ ಇದ್ದಿದ್ದರೆ, ಬೇಗ ಅಮೆರಿಕಕ್ಕೆ ಹೋಗಿದ್ದಿದ್ದರೆ ಸಬೋನಿಸ್ ಎಲ್ಲಿಗೆ ಮುಟ್ಟುತ್ತಿದ್ದರು ಅಲ್ವಾ" ಅಂದೆ. ಮನುಷ್ಯ ಕೆಂಡವಾದರು. "ಅಮೆರಿಕದವರು ನೋಡಲಿಲ್ಲ ಅಂದರೆ ಆಟವೇ ನಡೆಯಲಿಲ್ಲವಾ? ನಾವು ನೋಡಿದ್ದೇವೆ!"

ನನಗೂ ಈಗ ಅದೇ ಸರಿ ಅನ್ನಿಸುತ್ತದೆ. ಸಬೋನಿಸ್ ಬಗ್ಗೆ ಇಂಗ್ಲಿಷ್‌ನಲ್ಲಿ ಬರುವ ಲೇಖನ, ವಿಡಿಯೊ ಎಲ್ಲಾ "ಆಗಬೇಕಿತ್ತು, ಆಗಲಿಲ್ಲ" ಅನ್ನುವ ಮರುಕದಲ್ಲಿ ಮುಳುಗಿವೆ. ಆದರೆ 1981ರಿಂದ 2005ರ ತನಕ ಆಡಿದ ಮನುಷ್ಯ ಇವರು. ಎನ್‌ಬಿಎ ಅದರಲ್ಲಿ ಮೂರನೇ ಒಂದು ಭಾಗವೂ ಇಲ್ಲ.

ಮೊದಲು ಊರಿನ ವಿಷಯ. ಲಿಥುವೇನಿಯಾ 1937ರಲ್ಲಿ ರಿಗಾದಲ್ಲಿ ಯುರೋಪ್ ಚಾಂಪಿಯನ್ ಆಯಿತು. ಗೆದ್ದವರೇ ಮುಂದಿನ ಸಲ ಆತಿಥ್ಯ ವಹಿಸಬೇಕು. ಅದಕ್ಕೆ ಕೌನಸ್‌ನಲ್ಲಿ ಓಕ್ ಮರಗಳ ದೊಡ್ಡ ತೋಪಿನ ಪಕ್ಕ ಒಂದು ಕ್ರೀಡಾ ಸಭಾಂಗಣ ಕಟ್ಟಿದರು. 1939ರಲ್ಲಿ ಅಲ್ಲೇ ಮತ್ತೆ ಗೆದ್ದರು. ಮರುವರ್ಷವೇ ಸೋವಿಯತ್ ಸೈನ್ಯ ಬಂತು, ದೇಶವೇ ನಕ್ಷೆಯಿಂದ ಹೋಯಿತು. ಬಾವುಟ ಹೋಯಿತು, ರಾಷ್ಟ್ರಗೀತೆ ಹೋಯಿತು, ಬ್ಯಾಸ್ಕೆಟ್‌ಬಾಲ್ ಮಾತ್ರ ಉಳಿಯಿತು. ಜಾಲ್ಗಿರಿಸ್ ಕ್ಲಬ್ ಬಗ್ಗೆ ಇಲ್ಲಿಯವರು ಮಾತಾಡುವ ರೀತಿ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು. 1410ರ ಒಂದು ಯುದ್ಧದ ಹೆಸರನ್ನು ಇಟ್ಟುಕೊಂಡ ಕ್ಲಬ್ ಅದು. ಎದುರಾಳಿ ಯಾರು? ಮಾಸ್ಕೋದ ಸಿಎಸ್‌ಕೆಎ, ಅಂದರೆ ಕೆಂಪು ಸೇನೆಯ ತಂಡ. ಹಾಗಾಗಿ ಈ ಪಂದ್ಯದ ದಿನ ಏನೆಲ್ಲಾ ಹೊರಗೆ ಬರುತ್ತಿತ್ತು ಅಂತ ಊಹಿಸಿ. ಬೀದಿಯಲ್ಲಿ ಕೂಗಿದರೆ ಹಿಡಿದುಕೊಂಡು ಹೋಗುವ ಮಾತನ್ನು ಆಟದ ನೆಪದಲ್ಲಿ ಕೂಗಬಹುದಿತ್ತು.

ಸಬೋನಿಸ್ ಇದ್ದ ಜಾಲ್ಗಿರಿಸ್ 1985, 86, 87, ಮೂರು ವರ್ಷ ಸತತವಾಗಿ ಸೋವಿಯತ್ ಚಾಂಪಿಯನ್. ಮೂರೂ ಸಲ ಸೋತದ್ದು ಸಿಎಸ್‌ಕೆಎ. ನಮ್ಮ ಮಾಲೀಕರ ಪ್ರಕಾರ ಆ ರಾತ್ರಿಗಳಲ್ಲಿ ಊರಿನ ಬಸ್ಸುಗಳು ಖಾಲಿ ಓಡುತ್ತಿದ್ದವು.

ಆಗಿನ ಸಬೋನಿಸ್ ಹೇಗಿದ್ದರು ಅಂತೀರಾ? 2.21 ಮೀಟರ್ ಎತ್ತರ. ಮುಂದೆ ಎನ್‌ಬಿಎಯಲ್ಲಿ ಆಡಿದ ಪೋರ್ಟ್‌ಲೆಂಡಿನ ವಿಡಿಯೊಗಳಲ್ಲಿ ಕಾಣುವ ಭಾರದ ಮನುಷ್ಯನಲ್ಲ. ಸಪೂರ, ಓಡುತ್ತಾರೆ, ಹಾರುತ್ತಾರೆ. 1982ರಲ್ಲಿ ಕೊಲಂಬಿಯಾದಲ್ಲಿ ಸೋವಿಯತ್ ತಂಡ ವಿಶ್ವ ಚಾಂಪಿಯನ್ ಆದಾಗ ಇವರಿಗೆ ವಯಸ್ಸು 17. 1984ರ ಡಿಸೆಂಬರ್‌ನಲ್ಲಿ ಮ್ಯಾಡ್ರಿಡ್‌ನ ಕ್ರಿಸ್ಮಸ್ ಟೂರ್ನಿಯಲ್ಲಿ ಹಾರಿ ಚೆಂಡನ್ನು ರಿಂಗಿಗೆ ತುರುಕುವ ಡಂಕ್ ಒಂದು ಹಾಕಿದರು ನೋಡಿ, ಗಾಜಿನ ಬೋರ್ಡು ಪುಡಿ ಪುಡಿ.

ಆದರೆ ನನಗೆ ಬೋರ್ಡು ಒಡೆದದ್ದಕ್ಕಿಂತ ದೊಡ್ಡದು 1986ರ ವಿಶ್ವ ಚಾಂಪಿಯನ್‌ಶಿಪ್ ಸೆಮಿಫೈನಲ್. ಅದೂ ಮ್ಯಾಡ್ರಿಡ್‌ನಲ್ಲೇ. ಎದುರಿಗೆ ಯುಗೊಸ್ಲಾವಿಯಾ, ಅಂದರೆ ಆಗಿನ ಯುರೋಪಿನ ಇನ್ನೊಬ್ಬ ದೊಡ್ಡ ತಾರೆ ದ್ರಾಜೆನ್ ಪೆಟ್ರೊವಿಚ್ ತಂಡ. ಒಂದು ನಿಮಿಷಕ್ಕೂ ಕಡಿಮೆ ಉಳಿದಿದೆ, ಸೋವಿಯತ್ 9 ಅಂಕ ಹಿಂದೆ. ಮುಗಿಯಿತು ಅಂತ ಯಾರಾದರೂ ಎದ್ದು ಹೋಗುವ ಹೊತ್ತು. ಆಗ ಸಬೋನಿಸ್ ದೂರದ ಗೆರೆಯ ಹೊರಗಿನಿಂದ ತ್ರೀ ಪಾಯಿಂಟರ್, ಅಂದರೆ ಮೂರಂಕದ ಎಸೆತ, ಎಸೆದರು. ಬೋರ್ಡಿಗೆ ಬಡಿದು ಒಳಗೆ ಬಿತ್ತು. ಆಮೇಲೆ ಸೋವಿಯತ್‌ನ ತಿಖೊನೆಂಕೊ ಒಂದು. ಚೆಂಡು ಕೈಯಲ್ಲಿದ್ದ ಯುಗೊಸ್ಲಾವಿಯಾದ ಹುಡುಗ ವ್ಲಾದೆ ದಿವಾಚ್ ಡ್ರಿಬಲ್‌ನಲ್ಲಿ ತಪ್ಪಿದ. ವಾಲ್ತರ್ಸ್ ಮತ್ತೊಂದು ತ್ರೀ ಹಾಕಿದ. ಸಮ! ಹೆಚ್ಚುವರಿ ಸಮಯದಲ್ಲಿ ಸೋವಿಯತ್ 91-90ರಿಂದ ಗೆದ್ದಿತು. ಫೈನಲ್‌ನಲ್ಲಿ ಅಮೆರಿಕದ ಎದುರು 85-87ಕ್ಕೆ ಸೋತರು, ಅದು ಬೇರೆ ಮಾತು. ಅಂತರರಾಷ್ಟ್ರೀಯ ಆಟಕ್ಕೆ ತ್ರೀ ಪಾಯಿಂಟ್ ಗೆರೆ ಬಂದದ್ದೇ 1984ರಲ್ಲಿ. ಎರಡು ವರ್ಷಕ್ಕೆ ಏಳಡಿ ಮೀರಿದ ಸೆಂಟರ್ ಅಂಥ ಹೊತ್ತಿನಲ್ಲಿ ಅಲ್ಲಿಂದ ಎಸೆಯುತ್ತಾನೆ. ಈಗಿನ ಸೆಂಟರ್ ಯೋಕಿಚ್ ಎಸೆದರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಆಗ ಇದು ಯಾರ ಕಲ್ಪನೆಯಲ್ಲೂ ಇರಲಿಲ್ಲ.

ಇವರು ದೇವರೂ ಅಲ್ಲ ಮತ್ತೆ. ಅದೇ 1986ರ ವಸಂತದಲ್ಲಿ ಬುಡಾಪೆಸ್ಟ್‌ನಲ್ಲಿ ಯುರೋಪಿಯನ್ ಕಪ್ ಫೈನಲ್. ಪೆಟ್ರೊವಿಚ್‌ನ ಕ್ಲಬ್ ಸಿಬೋನಾ ವಿರುದ್ಧ ಜಾಲ್ಗಿರಿಸ್. ಸಬೋನಿಸ್ ಸಿಟ್ಟಿಗೆ ನಕಿಚ್ ಎಂಬ ಎದುರಾಳಿಯನ್ನು ಗುದ್ದಿ ಹೊರಗೆ ಹೋದರು. ಜಾಲ್ಗಿರಿಸ್ 82-94ಕ್ಕೆ ಸೋತಿತು. ಈ ವಿಷಯ ಎತ್ತಿದರೆ ಮಾಲೀಕರು ಕಿಟಕಿ ಕಡೆ ನೋಡುತ್ತಾರೆ.

ಎನ್‌ಬಿಎ ಆಗ ಸುಮ್ಮನೆ ಕೂತಿರಲಿಲ್ಲ. 1985ರಲ್ಲಿ ಅಟ್ಲಾಂಟಾ ಹಾಕ್ಸ್ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಆರಿಸಿತು. 21 ತುಂಬಿಲ್ಲ ಅಂತ ರದ್ದಾಯಿತು. 1986ರಲ್ಲಿ ಪೋರ್ಟ್‌ಲೆಂಡ್ ಟ್ರೇಲ್ ಬ್ಲೇಜರ್ಸ್ 24ನೇ ಆಯ್ಕೆಯಾಗಿ ಹಿಡಿಯಿತು. ಅದೇ ಡ್ರಾಫ್ಟ್‌ನಲ್ಲಿ ಅದೇ ತಂಡ ಮೂರನೇ ಸುತ್ತಿನಲ್ಲಿ ಪೆಟ್ರೊವಿಚ್‌ನನ್ನೂ ಆರಿಸಿತ್ತು ಅಂದರೆ ನಂಬುತ್ತೀರಾ? ಬುಡಾಪೆಸ್ಟ್‌ನ ಇಬ್ಬರು ಶತ್ರುಗಳು ಕಾಗದದ ಮೇಲೆ ಒಂದೇ ತಂಡ. ಆದರೆ ಸೋವಿಯತ್ ಸರಕಾರ ಬಿಡಬೇಕಲ್ಲ. ಬಿಡಲಿಲ್ಲ.

ಅಷ್ಟರಲ್ಲಿ ಕಾಲು ಹೋಯಿತು. ಹಿಮ್ಮಡಿ ಹಿಂದಿನ ಅಕಿಲೀಸ್ ಸ್ನಾಯುರಜ್ಜು. ಒಮ್ಮೆ ಹರಿಯಿತು, ಗುಣವಾಗುವ ಮುಂಚೆ ಮತ್ತೆ ಹರಿಯಿತು. 1988ರಲ್ಲಿ ಚಿಕಿತ್ಸೆಗೆ ಪೋರ್ಟ್‌ಲೆಂಡಿಗೇ ಹೋಗಲು ಮಾಸ್ಕೋ ಒಪ್ಪಿತು. ಅಲ್ಲಿ ಬ್ಲೇಜರ್ಸ್ ವೈದ್ಯರು ನೋಡಿಕೊಂಡರು. ಆ ಸೆಪ್ಟೆಂಬರ್‌ನಲ್ಲಿ ಸೋಲ್ ಒಲಿಂಪಿಕ್ಸ್. ಸೆಮಿಫೈನಲ್‌ನಲ್ಲಿ ಸೋವಿಯತ್ 82, ಅಮೆರಿಕ 76. ಫೈನಲ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ 76-63. ಚಿನ್ನ. ಅಮೆರಿಕದ ವೈದ್ಯರು ರಿಪೇರಿ ಮಾಡಿದ ಕಾಲಿನಲ್ಲೇ ನಿಂತು ಅಮೆರಿಕವನ್ನು ಸೋಲಿಸಿದರು! ಆ ತಂಡದ ಬೆನ್ನೆಲುಬು ನಾಲ್ವರು ಲಿಥುವೇನಿಯನ್ನರು: ಸಬೋನಿಸ್, ಮಾರ್ಚುಲ್ಯೋನಿಸ್, ಕುರ್ತಿನೈತಿಸ್, ಖೊಮಿಚ್ಯುಸ್. ಪದಕದ ಮೇಲೆ ಮಾತ್ರ ಸೋವಿಯತ್ ಹೆಸರು.

1989ರಲ್ಲಿ ಬಾಗಿಲು ತೆರೆಯಿತು. ಮಾರ್ಚುಲ್ಯೋನಿಸ್ ಎನ್‌ಬಿಎಯ ಗೋಲ್ಡನ್ ಸ್ಟೇಟ್‌ಗೆ ಹೋದರು. ಸಬೋನಿಸ್ ಸ್ಪೇನಿನ ವಯಾದೊಲಿದ್‌ಗೆ. ಅಲ್ಲಿ ಮೂರು ವರ್ಷ, ಆಮೇಲೆ ರಿಯಲ್ ಮ್ಯಾಡ್ರಿಡ್‌ನಲ್ಲಿ ಮೂರು ವರ್ಷ. ಎರಡು ಸಲ ಸ್ಪ್ಯಾನಿಷ್ ಲೀಗ್. 1995ರಲ್ಲಿ ಜರಗೋಸಾದಲ್ಲಿ ಯುರೋಪಿನ ಅತಿ ದೊಡ್ಡ ಕಪ್. ಫೈನಲ್‌ನಲ್ಲಿ ಒಲಿಂಪಿಯಾಕೋಸ್ 61ಕ್ಕೆ ನಿಂತಿತು, ಮ್ಯಾಡ್ರಿಡ್ 73. ಕೊನೆಯ ನಾಲ್ಕು ತಂಡಗಳ ಸುತ್ತಾದ ಫೈನಲ್ ಫೋರ್‌ನ ಅತ್ಯುತ್ತಮ ಆಟಗಾರ ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ನಡುವೆ 1992ರ ಬಾರ್ಸಿಲೋನಾ. ಇದನ್ನು ಬಿಟ್ಟು ಹೋದರೆ ಈ ಊರಿನವರು ನನ್ನನ್ನು ಬಿಡುವುದಿಲ್ಲ. 1990ರ ಮಾರ್ಚ್‌ನಲ್ಲಿ ಲಿಥುವೇನಿಯಾ ಸ್ವಾತಂತ್ರ್ಯ ಘೋಷಿಸಿತು. 1991ರ ಜನವರಿಯಲ್ಲಿ ವಿಲ್ನಿಯಸ್‌ನ ಟಿವಿ ಗೋಪುರದ ಬಳಿ ಸೋವಿಯತ್ ಟ್ಯಾಂಕುಗಳು ಜನರ ಮೇಲೆ ಬಂದವು. ಅದಾದ ಮರುವರ್ಷ ಒಲಿಂಪಿಕ್ಸ್. ತಂಡ ಕಳಿಸಲು ಹೊಸ ದೇಶದ ಬಳಿ ದುಡ್ಡಿಲ್ಲ. ಮಾರ್ಚುಲ್ಯೋನಿಸ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಣ ಕೂಡಿಸಲು ಓಡಾಡುತ್ತಿದ್ದಾಗ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ಬ್ಯಾಂಡ್ ಸಹಾಯಕ್ಕೆ ಬಂತು. ದುಡ್ಡಿನ ಜೊತೆಗೆ ಹಳದಿ, ಹಸಿರು, ಕೆಂಪು ಬಣ್ಣ ಹರಡಿದ ಟೀ ಶರ್ಟುಗಳನ್ನೂ ಕೊಟ್ಟರು. ಅವು ಲಿಥುವೇನಿಯಾ ಬಾವುಟದ ಬಣ್ಣಗಳು.

ಎನ್‌ಬಿಎ ತಾರೆಯರಿದ್ದ ಅಮೆರಿಕದ ಡ್ರೀಮ್ ಟೀಮ್ ಸೆಮಿಫೈನಲ್‌ನಲ್ಲಿ ಇವರನ್ನು 127-76ಕ್ಕೆ ಅರೆದು ಹಾಕಿತು. ಯಾರಿಗೂ ಬೇಸರವಿಲ್ಲ. ಯಾಕೆಂದರೆ ಕಂಚಿನ ಪಂದ್ಯ ಯಾರ ಜೊತೆ ಗೊತ್ತಾ? ಒಡೆದ ಸೋವಿಯತ್‌ನಿಂದ ಉಳಿದವರು ಕಟ್ಟಿಕೊಂಡ ಏಕೀಕೃತ ತಂಡದ ಜೊತೆ. ನಾಲ್ಕು ವರ್ಷದ ಹಿಂದೆ ಜೊತೆಯಲ್ಲಿ ಚಿನ್ನ ಗೆದ್ದವರು ಎದುರಿಗೆ. 82-78. ಗೆದ್ದು ಆ ಬಣ್ಣಬಣ್ಣದ ಶರ್ಟು ತೊಟ್ಟು ಪದಕ ತೆಗೆದುಕೊಂಡರು. ನಮ್ಮ ಮಾಲೀಕರ ಮನೆಯ ಗೋಡೆಯಲ್ಲಿ ಇರುವುದು ಸೋಲ್‌ನ ಚಿನ್ನದ ಫೋಟೋ ಅಲ್ಲ, ಬಾರ್ಸಿಲೋನಾದ ಕಂಚಿನದು.

ನೀವು ನೋಡಿದ 470 ಪಂದ್ಯಗಳು ಶುರುವಾಗುವುದು ಇದೆಲ್ಲ ಮುಗಿದ ಮೇಲೆ. 1995ರಲ್ಲಿ ಪೋರ್ಟ್‌ಲೆಂಡಿನ ಮ್ಯಾನೇಜರ್ ಬಾಬ್ ವಿಟ್ಸಿಟ್ ಕಾಲಿನ ಎಕ್ಸ್-ರೇ ಬಗ್ಗೆ ತಂಡದ ವೈದ್ಯರನ್ನು ಕೇಳಿದರಂತೆ. ಈ ಎಕ್ಸ್-ರೇ ಒಂದನ್ನೇ ತೋರಿಸಿದರೂ ಅಂಗವಿಕಲರ ಪಾರ್ಕಿಂಗ್ ಪರವಾನಗಿ ಸಿಗುತ್ತದೆ ಅಂದರಂತೆ ವೈದ್ಯರು. ಅದೇ ಕಾಲಿನಲ್ಲಿ ಆ ಸೀಸನ್ ಪ್ಲೇ-ಆಫ್‌ನಲ್ಲಿ ಕಾರ್ಲ್ ಮಲೋನ್, ಜಾನ್ ಸ್ಟಾಕ್ಟನ್ ಇದ್ದ ಯೂಟಾ ಎದುರು ಸರಾಸರಿ 23.6 ಅಂಕ, 10.2 ರೀಬೌಂಡ್ ಮಾಡಿದರು.

ಇನ್ನು ನಿರ್ಧಾರ ನೀವೇ ಮಾಡಿ.

ಹಿಮ್ಮಡಿ:

ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಅಕಿಲೀಸ್ ಹರಿದವರನ್ನು ಆಗಾಗ ನೋಡುತ್ತಿರುತ್ತೇನೆ. ಜಾಸ್ತಿ ಶಟಲ್ ಆಡುವವರು, ಕಬಡ್ಡಿಯವರು, ಭಾನುವಾರ ಮಾತ್ರ ಕ್ರಿಕೆಟ್ ಆಡುವ ನಲವತ್ತರ ಅಂಚಿನವರು. ಅದಕ್ಕೇ ಒಂದು ಮಾತು ಸೇರಿಸುತ್ತೇನೆ.

ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿ ಮೂಳೆಗೆ ಕಟ್ಟುವುದು ಈ ರಜ್ಜು. ಮೇಲಕ್ಕೆ ಹಾರುವಾಗ ನೆಲವನ್ನು ಕೊನೆಗೆ ಒದೆಯುವುದು ಇದರಿಂದಲೇ. ಹರಿದರೆ ಹೊಲಿಯಬಹುದು. ಆದರೆ ಹೊಲಿದ ರಜ್ಜು ಸ್ವಲ್ಪ ಉದ್ದವಾಗಿ ಕೂಡಿಕೊಂಡರೂ ಸಾಕು, ಮೀನಖಂಡದ ಎಳೆತ ಸಡಿಲವಾಗುತ್ತದೆ. ಒಂದೇ ಕಾಲಿನ ತುದಿಬೆರಳ ಮೇಲೆ ಪೂರ್ತಿ ಎದ್ದು ನಿಲ್ಲಲು ಆಗುವುದಿಲ್ಲ. ಈಗಲೂ, ಒಳ್ಳೆ ಶಸ್ತ್ರಚಿಕಿತ್ಸೆ, ಹಂತಹಂತದ ವ್ಯಾಯಾಮ ಎಲ್ಲಾ ಇದ್ದೂ ವೃತ್ತಿಪರ ಆಟಗಾರರಿಗೆ ವಾಪಸ್ ಬರಲು ಒಂಬತ್ತು ತಿಂಗಳು, ವರ್ಷ ಹಿಡಿಯುತ್ತದೆ. ವಾಪಸ್ ಬಂದವರೂ ಹಳೆಯ ಎತ್ತರಕ್ಕೆ ಹಾರುವುದು ಕಷ್ಟ. ಎರಡು ಸಲ ಹರಿದವರ ಕಥೆ ಇನ್ನೂ ಕಷ್ಟ. ಒಂದು ಕಾಲನ್ನು ಕಾಪಾಡಲು ಹೋಗಿ ಮಂಡಿ, ಸೊಂಟ, ಇನ್ನೊಂದು ಪಾದ ಎಲ್ಲಾ ಹೊರೆ ಹೊರುತ್ತವೆ.

ಸಬೋನಿಸ್ ಪೋರ್ಟ್‌ಲೆಂಡ್ ವಿಡಿಯೊಗಳನ್ನು ನಾನು ನೋಡುವುದೇ ಪಾದಕ್ಕಾಗಿ. ಮನುಷ್ಯ ಹಾರುವುದೇ ಇಲ್ಲ! ರೀಬೌಂಡ್‌ಗೆ ಮೊದಲೇ ಜಾಗ ಹಿಡಿದು, ಬೆನ್ನಿನಿಂದ ಎದುರಾಳಿಯನ್ನು ತಡೆದು, ಕೈ ಎತ್ತಿ ನಿಲ್ಲುತ್ತಾರೆ ಅಷ್ಟೇ. ತಿರುಗುವಾಗಲೂ ಸಣ್ಣ ಸಣ್ಣ ಹೆಜ್ಜೆ. ನನ್ನ ಹತ್ತಿರ ಬರುವ ಹುಡುಗರು "ಸರ್, ಮೊದಲಿನ ತರ ಆಡ್ತೀನಾ" ಅಂತ ಕೇಳುತ್ತಾರೆ. ಆಗ ಈ ವಿಡಿಯೊ ತೋರಿಸುತ್ತೇನೆ. ಖುಷಿಯಾಗುವುದಿಲ್ಲ ಅವರಿಗೆ. ಆದರೆ ನೋಡುತ್ತಾರೆ.

ಸುಮ್ನೆ_ಕೇಳ್ತೀನಿ:

ನೆಮುನಸ್ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ತಕರಾರು. ಸೋಲ್‌ನಲ್ಲಿ ಸೋತ ಅಮೆರಿಕ ಕಾಲೇಜು ಹುಡುಗರ ತಂಡ. ಸೋವಿಯತ್ ಕಡೆಯವರು ವರ್ಷಗಟ್ಟಲೆ ಜೊತೆಗೆ ಆಡಿದ ದೊಡ್ಡವರು. ಯುರೋಪಿನ ಲೀಗ್ ಆ ಕಾಲದ ಎನ್‌ಬಿಎಗಿಂತ ಕೆಳಗಿನದೇ ಅಲ್ವಾ? ಹಕೀಮ್ ಒಲಾಜುವಾನ್, ಡೇವಿಡ್ ರಾಬಿನ್ಸನ್, ಪ್ಯಾಟ್ರಿಕ್ ಯುಯಿಂಗ್ ತರದ ಎನ್‌ಬಿಎ ಸೆಂಟರ್‌ಗಳ ಎದುರು ವಾರಕ್ಕೆ ಮೂರು ಪಂದ್ಯ ಆಡದವರನ್ನು ಅವರ ಸಾಲಿನಲ್ಲಿ ಹೇಗೆ ಕೂರಿಸುತ್ತೀರಿ? ಊರಿನ ಅಭಿಮಾನ ಬೇರೆ, ಆಟದ ಅಳತೆ ಬೇರೆ. ಇನ್ನೊಂದು, ಹೋಗಬಹುದಾಗಿದ್ದ 1989ರಲ್ಲೂ ಅವರು ಹೋಗಲಿಲ್ಲ. ಅದನ್ನು ಯಾಕೆ ಯಾರೂ ಕೇಳುವುದಿಲ್ಲ?

ನೆಮುನಸ್_ದಂಡೆ:

ತಕರಾರು ನ್ಯಾಯವಾದದ್ದೇ. ನಾನು ಅವರನ್ನು ಒಲಾಜುವಾನ್ ಪಕ್ಕ ಕೂರಿಸುತ್ತಿಲ್ಲ. ಕೂರಿಸಲು ಬೇಕಾದ ಪಂದ್ಯಗಳು ನಡೆಯಲೇ ಇಲ್ಲ. ನಡೆಯದ ಪಂದ್ಯದ ಸ್ಕೋರು ಬರೆಯುವ ಚಟ ಅಮೆರಿಕದ ಅಭಿಮಾನಿಗಳದ್ದು, ನನ್ನದಲ್ಲ. ನನ್ನ ಮಾತು ಇಷ್ಟೇ, ನಡೆದದ್ದನ್ನಾದರೂ ಪೂರ್ತಿ ನೋಡಿ.

ಸೋಲ್‌ನಲ್ಲಿ ಎದುರಿಗಿದ್ದ ಆ ಹುಡುಗರಲ್ಲಿ ನೀವು ಹೇಳಿದ ಡೇವಿಡ್ ರಾಬಿನ್ಸನ್ ಕೂಡ ಇದ್ದ, ಅದನ್ನೂ ಜ್ಞಾಪಿಸುತ್ತೇನೆ. ಕಾಲೇಜು ಹುಡುಗರು ಅನ್ನುವುದು ನಿಜ. ಆದರೆ ಸಬೋನಿಸ್ ಅವತ್ತು ಹರಿದು ಹೊಲಿದ ಕಾಲಿನಲ್ಲಿ ತಿಂಗಳುಗಟ್ಟಲೆ ಪಂದ್ಯವಿಲ್ಲದೆ ಬಂದವರು.

1989ರ ಪ್ರಶ್ನೆ ಒಳ್ಳೆಯದು. ಕಾಲು ನೆಟ್ಟಗಿರಲಿಲ್ಲ. ಎನ್‌ಬಿಎ ಅಂದರೆ ಸೀಸನ್‌ಗೆ 82 ಪಂದ್ಯ, ನಡುವೆ ವಿಮಾನ, ಎರಡು ರಾತ್ರಿ ಸತತ ಆಟ. ಸ್ಪೇನ್‌ನಲ್ಲಿ ಪಂದ್ಯ ಕಡಿಮೆ, ಒಂದೊಂದು ಪಂದ್ಯವೂ 40 ನಿಮಿಷ. ಅಲ್ಲಿ ಆರು ವರ್ಷ ಆಡಿದ್ದರಿಂದಲೇ 31ನೇ ವಯಸ್ಸಿನಲ್ಲಿ ಪೋರ್ಟ್‌ಲೆಂಡಿಗೆ ಕೊಡಲು ಏನಾದರೂ ಉಳಿದಿತ್ತು ಅಂತ ನನಗನ್ನಿಸುತ್ತದೆ. ಅಮೆರಿಕದವರಿಗೆ ಇದು ಕಳೆದುಹೋದ ಆರು ವರ್ಷ. ಮ್ಯಾಡ್ರಿಡ್‌ನಲ್ಲಿ ಯಾರನ್ನಾದರೂ ಕೇಳಿ, ಹಾಗನ್ನುವುದಿಲ್ಲ. ಪೋರ್ಟ್‌ಲೆಂಡ್ ಅಭಿಮಾನಿಗಳ ಹೊಟ್ಟೆಯುರಿ ಮಾತ್ರ ಅರ್ಥವಾಗುತ್ತದೆ. ಅವರ ತಂಡ 1990, 1992ರಲ್ಲಿ ಫೈನಲ್ ತನಕ ಹೋಗಿ ಎರಡೂ ಸಲ ಸೋತಿತು. ಸಬೋನಿಸ್ ಬರುವ ಹೊತ್ತಿಗೆ ಆ ತಂಡದ ತಾರೆ ಕ್ಲೈಡ್ ಡ್ರೆಕ್ಸ್ಲರ್ ಹ್ಯೂಸ್ಟನ್‌ಗೆ ಹೋಗಿಯಾಗಿತ್ತು. ಆ ಡ್ರಾಫ್ಟ್‌ನ ಇನ್ನೊಬ್ಬ, ಪೆಟ್ರೊವಿಚ್, 1993ರ ಜೂನ್‌ನಲ್ಲಿ ಜರ್ಮನಿಯ ಹೆದ್ದಾರಿಯ ಅಪಘಾತದಲ್ಲಿ ತೀರಿಕೊಂಡಿದ್ದರು.

ಹಿಮ್ಮಡಿಯವರ ಮಾತಿಗೆ ಒಂದು ಸಣ್ಣ ತಿದ್ದುಪಡಿ, ಸಿಟ್ಟಾಗಬೇಡಿ. ಹಾರಲು ಆಗದ ಮೇಲೆ ಪಾಸ್ ಕಲಿತರು ಅಂತ ಬಹಳ ಜನ ಬರೆಯುತ್ತಾರೆ. ನೀವು ಹಾಗೆ ಹೇಳಿಲ್ಲ, ಆದರೆ ಓದಿದವರು ಹಾಗೆ ತಿಳಿಯಬಹುದು. 1985ರ ವಿಡಿಯೊಗಳಲ್ಲೂ ಅದೇ ಪಾಸ್‌ಗಳಿವೆ. ರೀಬೌಂಡ್ ಹಿಡಿದು ಕಾಲು ನೆಲಕ್ಕೆ ತಾಗುವ ಮುಂಚೆ ಅರ್ಧ ಕೋರ್ಟಿನಾಚೆ ಎಸೆಯುವುದು. ಫ್ರೀ ಥ್ರೋ ಗೆರೆಯ ಹತ್ತಿರ ರಿಂಗಿಗೆ ಬೆನ್ನು ಹಾಕಿ ನಿಂತು, ಹಿಂದಿನಿಂದ ನುಗ್ಗುವವನಿಗೆ ನೋಡದೆಯೇ ಚೆಂಡು ಬಿಡುವುದು. ಎತ್ತರದಿಂದ ಕೆಳಗೆ ನೋಡಿದರೆ ಎಲ್ಲರೂ ಎಲ್ಲೆಲ್ಲಿದ್ದಾರೆ ಅಂತ ಕಾಣುತ್ತದೆ, ತೆಂಗಿನ ಮರ ಹತ್ತಿದವನಿಗೆ ಪಕ್ಕದ ತೋಟ ಕಂಡ ಹಾಗೆ. ಕಾಲು ಕೆಟ್ಟ ಮೇಲೆ ಆದದ್ದು ಇಷ್ಟೇ: ಹಾರುವುದು, ಓಡುವುದು ಕಳಚಿಕೊಂಡವು, ಮೊದಲೇ ಇದ್ದ ಈ ಆಟ ಮಾತ್ರ ಉಳಿಯಿತು. ಹಾಲ್ ಆಫ್ ಫೇಮ್‌ಗೆ 2011ರಲ್ಲಿ ಸೇರಿದಾಗ ಪಕ್ಕದಲ್ಲಿ ನಿಂತು ಪರಿಚಯಿಸಿದವರು ಬಿಲ್ ವಾಲ್ಟನ್. ಅವರೂ ಪೋರ್ಟ್‌ಲೆಂಡ್ ಸೆಂಟರ್, ಅವರೂ ಪಾಸ್ ಕೊಡುವವರು, ಅವರ ಪಾದಗಳೂ ಹಾಳಾಗಿದ್ದವು. ಸಾಲದ್ದಕ್ಕೆ ಗ್ರೇಟ್‌ಫುಲ್ ಡೆಡ್‌ನ ಕಟ್ಟಾ ಅಭಿಮಾನಿ.

ಆಟದ ಅಳತೆ ಕೇಳಿದಿರಲ್ಲ, ಒಂದು ಕೊಡುತ್ತೇನೆ. ಯುರೋಪಿನ ಅತ್ಯುತ್ತಮ ಆಟಗಾರನಿಗೆ ಕೊಡುತ್ತಿದ್ದ ಯೂರೋಸ್ಕಾರ್ ಅವರಿಗೆ ಆರು ಸಲ ಸಿಕ್ಕಿತು. ಮೊದಲನೆಯದು 1984ರಲ್ಲಿ, ಕೊನೆಯದು 1999ರಲ್ಲಿ. ಹದಿನೈದು ವರ್ಷದ ಅಂತರ! ಆ ನಡುವೆ ಒಂದು ದೇಶ ಇಲ್ಲವಾಗಿ ಇನ್ನೊಂದು ಹುಟ್ಟಿತ್ತು, ಅದಕ್ಕೂ ಮುಂಚೆ ಕಾಲು ಹರಿದಿತ್ತು.

ಮೂರನೇ_ಕ್ವಾರ್ಟರ್:

ಪ್ರಶ್ನೆ ಕೇಳಿದ್ದು ಸಾರ್ಥಕವಾಯಿತು. ನನ್ನ ದೊಮಂತಸ್ ಅಭಿಮಾನ ಹಾಗೇ ಇದೆ, ಅದನ್ನು ಮಾತ್ರ ಮುಟ್ಟಬೇಡಿ. ಪೂರ್ತಿ ಪಂದ್ಯಗಳು ಯೂಟ್ಯೂಬ್‌ನಲ್ಲಿ ಸಿಗುತ್ತವಂತಲ್ಲ, ಎಲ್ಲಿಂದ ಶುರು ಮಾಡಲಿ? ಮತ್ತೆ, ಪೋರ್ಟ್‌ಲೆಂಡ್ ಆದ ಮೇಲೆ ಏನು ಮಾಡಿದರು?

ನೆಮುನಸ್_ದಂಡೆ:

ದೊಮಂತಸ್‌ನನ್ನು ಯಾರು ಮುಟ್ಟುತ್ತಾರೆ? ಇಲ್ಲಿ ಅಂಗಡಿಯವರೆಲ್ಲ ಬೆಳಗ್ಗೆ ಎದ್ದು ಮೊದಲು ನೋಡುವುದು ರಾತ್ರಿ ಅವನು ಎಷ್ಟು ರೀಬೌಂಡ್ ಹಿಡಿದ ಅಂತ. ಹುಟ್ಟಿದ್ದು ಪೋರ್ಟ್‌ಲೆಂಡಿನಲ್ಲಿ, 1996ರಲ್ಲಿ, ಅಪ್ಪನ ಮೊದಲ ಎನ್‌ಬಿಎ ಸೀಸನ್ ಮುಗಿಯುತ್ತಿದ್ದಾಗ. ಆಡುವುದು ಲಿಥುವೇನಿಯಾಕ್ಕೆ.

ಶುರು ಮಾಡುವುದಾದರೆ 1986ರ ಯುಗೊಸ್ಲಾವಿಯಾ ಸೆಮಿಫೈನಲ್‌ನಿಂದ. ಚಿತ್ರ ಮಸುಕಾಗಿರುತ್ತದೆ, ಕೊನೆಯ ನಿಮಿಷ ಮಾತ್ರ ನೋಡಿ ಬಿಡಬೇಡಿ. ಆಮೇಲೆ 1995ರ ಜರಗೋಸಾ ಫೈನಲ್. ಆಮೇಲೆ 1996ರ ಯೂಟಾ ಸರಣಿ. 2000ದ ಲೇಕರ್ಸ್ ವಿರುದ್ಧದ ಏಳನೇ ಪಂದ್ಯ ನೋಡಲೇಬೇಕು, ಆದರೆ ಊಟ ಮಾಡಿ ನೋಡಿ. ಪೋರ್ಟ್‌ಲೆಂಡ್ ಕೊನೆಯ ಕ್ವಾರ್ಟರ್‌ನಲ್ಲಿ 15 ಅಂಕ ಮುಂದಿತ್ತು. ಗೆದ್ದರೆ ಫೈನಲ್. ಸತತವಾಗಿ 13 ಎಸೆತ ತಪ್ಪಿಸಿ 84-89ಕ್ಕೆ ಸೋತರು. ಎದುರಿಗೆ ಶಕೀಲ್ ಓ'ನೀಲ್. 35 ವರ್ಷದ ಸಬೋನಿಸ್ ಇಡೀ ಸರಣಿ ಆ ಬೆಟ್ಟವನ್ನು ಬೆನ್ನಿನಲ್ಲಿ ತಳ್ಳುತ್ತಿದ್ದರು. ಎನ್‌ಬಿಎ ಫೈನಲ್ ಆಡುವ ಅವಕಾಶ ಮತ್ತೆ ಬರಲಿಲ್ಲ.

ಅದಾದ ಮೇಲೆ 2001ರಲ್ಲಿ ಸಾಕು ಅಂತ ಊರಿಗೆ ಬಂದರು. ಒಂದು ವರ್ಷ ಆಡಲೇ ಇಲ್ಲ. 2002ರಲ್ಲಿ ಪೋರ್ಟ್‌ಲೆಂಡಿಗೆ ಹೋಗಿ ಇನ್ನೊಂದು ಸೀಸನ್ ಆಡಿದರು. ಆಮೇಲೆ 2003-04ರಲ್ಲಿ ಮತ್ತೆ ಜಾಲ್ಗಿರಿಸ್ ಜೆರ್ಸಿ. ಆ ಸೀಸನ್ ನಡುವೆ 39 ತುಂಬಿತು. ಮೊಮ್ಮಕ್ಕಳ ವಯಸ್ಸಿನವರ ಜೊತೆ ಆಡುತ್ತಿದ್ದಾರೆ ಅಂತ ಇಲ್ಲಿಯವರೇ ನಗುತ್ತಿದ್ದರಂತೆ. ಯುರೋಪಿನ ಕ್ಲಬ್‌ಗಳ ಯೂರೋಲೀಗ್‌ನ ಮೊದಲ ಸುತ್ತಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಇವರಿಗೆ. ಟಾಪ್-16 ಸುತ್ತಿನದೂ ಇವರಿಗೇ. ಫೈನಲ್ ಫೋರ್‌ಗೆ ಹೋಗಲು ಟೆಲ್ ಅವೀವ್‌ನಲ್ಲಿ ಮಕಾಬಿಯನ್ನು ಸೋಲಿಸಬೇಕಿತ್ತು. ಮೂರು ಅಂಕ ಮುಂದಿದ್ದಾರೆ, ಕ್ಷಣಗಳು ಉಳಿದಿವೆ. ಮಕಾಬಿಯ ಡೆರಿಕ್ ಶಾರ್ಪ್ ಅನ್ನುವವನು ತಿರುಗಿಕೊಂಡೇ ಎಸೆದ ತ್ರೀ ಒಳಗೆ ಬಿತ್ತು. ಹೆಚ್ಚುವರಿ ಸಮಯದಲ್ಲಿ ಜಾಲ್ಗಿರಿಸ್ ಸೋತಿತು. ಇಸವಿ ಹೇಳದೆ ಬರೀ "ಶಾರ್ಪ್" ಅನ್ನಿ ಸಾಕು, ಕೌನಸ್‌ನಲ್ಲಿ ಯಾವ ಟೇಬಲ್ಲಾದರೂ ಮೌನವಾಗುತ್ತದೆ.

2011ರಲ್ಲಿ ಇದೇ ಊರಿನಲ್ಲಿ ಆಡುತ್ತಿರುವಾಗ ಹೃದಯಾಘಾತವಾಯಿತು, ಚೇತರಿಸಿಕೊಂಡರು. ಅದೇ ವರ್ಷದಿಂದ ಹತ್ತು ವರ್ಷ ಲಿಥುವೇನಿಯಾ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಅಧ್ಯಕ್ಷರಾಗಿದ್ದರು.

ಯೂಟಾ ಸರಣಿ ನೋಡಿದ ಮೇಲೆ ಇಲ್ಲೇ ಬರೆಯಿರಿ. ಅದರಲ್ಲಿ ಪಾಸ್ ಎಣಿಸಬೇಡಿ, ಪಾಸ್ ಹಿಡಿದವನು ಚೆಂಡು ಹಾಕಿದನಾ ತಪ್ಪಿಸಿದನಾ ಅಂತ ನೋಡಿ. ಆ ಪೋರ್ಟ್‌ಲೆಂಡ್ ತಂಡದವರು ತಪ್ಪಿಸಿದ್ದೆಲ್ಲ ಅಸಿಸ್ಟ್ ಕಾಲಂನಲ್ಲಿ ಬಂದಿಲ್ಲ.